ನಿಮಗಿದು ಗೊತ್ತೆ? ಒಂದೂ ಹಿಟ್ ಇಲ್ಲದೆ ಗೆದ್ದ ಅಸಾಹಿ
ಕೆನಡಾದ ವ್ಯಾಂಕೂವರ್‌ನಲ್ಲಿ ಜಪಾನಿ ವಲಸಿಗರ ನೆಲೆಯಾಗಿದ್ದ ಪೊವೆಲ್ ಸ್ಟ್ರೀಟ್ ಬಡಾವಣೆಯಲ್ಲಿ 1914ರಲ್ಲಿ ಹುಟ್ಟಿದ ಬೇಸ್‌ಬಾಲ್ ತಂಡ ‘ಅಸಾಹಿ’. ಎದುರಾಳಿಗಳಾದ ಬಿಳಿಯರು ಎತ್ತರದಲ್ಲೂ ಕಸುವಿನಲ್ಲೂ ಮುಂದು. ಹಾಗಾಗಿ ಚೆಂಡನ್ನು ದೂರಕ್ಕೆ ಬಾರಿಸುವ ಪೈಪೋಟಿಗೆ ಅಸಾಹಿ ಹುಡುಗರು ಇಳಿಯಲಿಲ್ಲ. ಚೆಂಡನ್ನು ಮೆಲ್ಲಗೆ ತಟ್ಟಿ ಓಡುವುದು, ಪಿಚರ್‌ನ ಕಣ್ಣು ತಪ್ಪಿಸಿ ಮುಂದಿನ ಬೇಸ್ ಸೇರುವುದು, ಚುರುಕಿನ ಫೀಲ್ಡಿಂಗ್: ಇವೇ ಅವರ ಬಲ. ಒಮ್ಮೆಯಂತೂ ಒಂದೂ ಹಿಟ್ (ಎದುರಾಳಿಯ ತಪ್ಪಿನ ನೆರವಿಲ್ಲದೆ ಚೆಂಡು ಬಾರಿಸಿ ಬೇಸ್ ಸೇರುವುದು) ಇಲ್ಲದೆ 3–1ರಿಂದ ಪಂದ್ಯ ಗೆದ್ದರು! ಮತದಾನದ ಹಕ್ಕೂ ಇಲ್ಲದಿದ್ದ ಈ ಜನರ ಆಟಕ್ಕೆ ಬಿಳಿಯರಲ್ಲೂ ಅಭಿಮಾನಿಗಳಿದ್ದರು.

1942ರಲ್ಲಿ ಜಪಾನ್ ಜೊತೆಗಿನ ಯುದ್ಧದ ನೆಪವೊಡ್ಡಿ ಸರ್ಕಾರ ಸುಮಾರು 22,000 ಜಪಾನಿ ಮೂಲದವರನ್ನು ಕರಾವಳಿಯಿಂದ ಹೊರಹಾಕಿತು. ಇದು ಘೋರ ಅನ್ಯಾಯ. ತಂಡ ಚದುರಿಹೋದರೂ ಆಟಗಾರರು ತಮ್ಮನ್ನು ಇರಿಸಿದ್ದ ಶಿಬಿರಗಳಲ್ಲೇ ಬೇಸ್‌ಬಾಲ್ ಮುಂದುವರಿಸಿದರು. 2003ರಲ್ಲಿ ಅಸಾಹಿ ತಂಡ ಕೆನಡಾದ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಸೇರಿತು.