ಹೆಸರು ಒಬ್ಬರದು, ಕೈಬರಹ ಒಬ್ಬರದು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ‘ಶಾನುಭೋಗರ ಮನೆ’, ‘ಶಾನುಭೋಗರ ತೋಟ’ ಎಂಬ ಮಾತು ಹಿರಿಯರ ಬಾಯಲ್ಲಿ ಇನ್ನೂ ಉಳಿದಿದೆ. ತೋಟ ಯಾರದು, ಕಂದಾಯವೆಷ್ಟು ಎಂದು ಊರಿನ ಲೆಕ್ಕವನ್ನು ಬರೆದಿಡುತ್ತಿದ್ದ ಆ ಶಾನುಭೋಗಿಕೆಯಾದರೋ ಪಟೇಲಿಕೆಯೊಡನೆ 1963ರ ಫೆಬ್ರವರಿ 1ರಂದು ರದ್ದಾಯಿತು. ವೃತ್ತಿ ಅಳಿದರೂ ಹೆಸರು ಅಳಿಯಲಿಲ್ಲ.

ಹೆಸರೂ ಸಾಮಾನ್ಯವಾದುದಲ್ಲ. ನಮ್ಮ ಶಾಸನಗಳಲ್ಲಿ ಬರುವ ‘ಸೇನಬೋವ’ನೇ ಈ ಶಾನುಭೋಗ. ಎಷ್ಟೋ ಶಾಸನಗಳ ಪಾಠವನ್ನು ಬರೆದವನೂ ಅವನೇ. ಕರಾವಳಿಯಲ್ಲಿ ಈ ಪದ ‘ಶಾನಭಾಗ’ ಎಂಬ ಮನೆತನದ ಹೆಸರಾಯಿತು. ಉತ್ತರ ಕರ್ನಾಟಕದಲ್ಲಿ ಇದೇ ಕೆಲಸದವನು ‘ಕುಲಕರ್ಣಿ’ಯೆನಿಸಿದನು, ಅದೂ ಅಡ್ಡಹೆಸರಾಗಿ ನಿಂತಿತು. ನಮ್ಮ ಕಡೆ ಊರಿನ ಮತ್ತು ತಂದೆಯ ಮೊದಲಕ್ಷರಗಳನ್ನು ಹೆಸರಿನ ಹಿಂದಿಡುವುದು ವಾಡಿಕೆಯಾದ್ದರಿಂದ, ಪದವು ಮನುಷ್ಯನಿಗಿಂತ ಮನೆಗೂ ತೋಟಕ್ಕೂ ಅಂಟಿಕೊಂಡಿತು.

ವೃತ್ತಿಯಿಂದ ಬಂದ ಹೆಸರು ವೃತ್ತಿಯನ್ನೇ ಹೇಳಬೇಕೆಂಬ ನಿಯಮವಿಲ್ಲ. ಇಂಗ್ಲಿಷ್ ಕವಿ ಚಾಸರನ ಹೆಸರಿಗೆ ಹಳೆಯ ಫ್ರೆಂಚಿನಲ್ಲಿ ಕಾಲುಡುಪು, ಪಾದರಕ್ಷೆಗಳನ್ನು ಮಾಡುವವನೆಂದು ಅರ್ಥ. ಆದರೆ ಅವನ ತಂದೆ ದ್ರಾಕ್ಷಾರಸದ ವರ್ತಕ. ಕವಿಯು 1374ರಲ್ಲಿ ಲಂಡನ್ ರೇವಿನ ಉಣ್ಣೆಯ ಸುಂಕದ ಲೆಕ್ಕವನ್ನು ನೋಡುವ ಅಧಿಕಾರಿಯಾದನು. ಲೆಕ್ಕವನ್ನು ಸ್ವಹಸ್ತದಿಂದಲೇ ಬರೆಯಬೇಕೆಂಬುದು ನೇಮಕದ ಕಟ್ಟಳೆ. ಹೆಸರು ಪಾದರಕ್ಷೆಯದು, ಕೆಲಸ ಶಾನುಭೋಗನದು!

ನಮ್ಮ ಹಳ್ಳಿಗಳಲ್ಲಿ ಅಂಥ ಕಟ್ಟಳೆ ನಡೆಯಿತೆ? ಎಸ್. ಎಲ್. ಭೈರಪ್ಪನವರು 1970ರ ‘ಗೃಹಭಂಗ’ದಲ್ಲಿ ಚಿತ್ರಿಸಿದುದು ಇದೇ ಸೀಮೆಯ ಬಾಳನ್ನು. ಅಲ್ಲಿ ಶಾನುಭೋಗಿಕೆ ಚೆನ್ನಿಗರಾಯನದು. ವಂಶದ ಹಕ್ಕಿನಿಂದ ಬಂದದ್ದು. ಲೆಕ್ಕ ಬರೆದು ಸಂಸಾರವನ್ನು ಹಿಡಿದು ನಿಲ್ಲಿಸುವವಳು ಅವನ ಹೆಂಡತಿ ನಂಜಮ್ಮ. ಊರು ಶಾನುಭೋಗರೆಂದು ಕರೆಯುವುದು ಮಾತ್ರ ಅವನನ್ನೇ. ಕಥೆ ಕಲ್ಪಿತವಾದರೂ ಅದು ಎತ್ತುವ ಪ್ರಶ್ನೆ ಕಲ್ಪಿತವಲ್ಲ. ವೃತ್ತಿನಾಮವು ಹಕ್ಕು ಯಾರದೆಂಬುದಕ್ಕೆ ಸಾಕ್ಷಿಯಾದೀತು. ದುಡಿಮೆ ಯಾರದೆಂಬುದಕ್ಕೆ ಅದರ ಸಾಕ್ಷ್ಯ ಸಾಲದು.

ಆದುದರಿಂದ ಊರೂರಿನ ಹೆಸರುಗಳನ್ನು ಸಂಗ್ರಹಿಸಹೊರಟ ವಿದ್ಯಾರ್ಥಿಗಳು ಪದದ ಮೂಲವನ್ನು ಗುರುತಿಸಿದೊಡನೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಶಾನುಭೋಗರ ಮನೆ ಯಾವುದೆಂದು ತಿಳಿದ ಮೇಲೆ ಇನ್ನೊಂದು ಪ್ರಶ್ನೆ ಉಳಿದಿರುತ್ತದೆ: ಆ ಮನೆಯ ಲೆಕ್ಕದ ಪುಸ್ತಕಗಳು ಯಾರ ಕೈಬರಹದಲ್ಲಿವೆ? ಉತ್ತರ ಹೇಳಬಲ್ಲ ಹಿರಿಯರು ಇರುವಾಗಲೇ ಅದನ್ನು ಕೇಳಬೇಕು.