ಕರಿಮೆಣಸಿನ ಪೀಪಾಯಿ ಒಡೆದ ಅಂಗಡಿಯವನು

ವಿಲಿಯಂ ಆರ್ಥರ್ ಹೆಸರು ಗುಬ್ಬಿಯ ಕಡೆಯ ಹಳಬರಿಗೆ ನೆನಪಿದ್ದರೆ ಇರಬಹುದು. ಐರ್ಲೆಂಡಿನ ಹುಡುಗ. 1839ರಲ್ಲಿ, ಇಪ್ಪತ್ತರ ಹರೆಯದಲ್ಲಿ, ವೆಸ್ಲಿಯನ್ ಮೆಥೊಡಿಸ್ಟ್ ಮಿಷನ್ನಿನ ಪರವಾಗಿ ಮೈಸೂರು ಸಂಸ್ಥಾನಕ್ಕೆ ಹೊರಟ. ಗುಬ್ಬಿಯಲ್ಲಿ ನೆಲೆಸಿ ಕನ್ನಡ ಕಲಿತ. ಆರೋಗ್ಯ ಕೈಕೊಟ್ಟು, ಕಣ್ಣು ಮಂಜಾಗಿ, 1841ರಲ್ಲಿ ಊರಿಗೆ ಮರಳಬೇಕಾಯಿತು. ಗುಬ್ಬಿಯ ಅನುಭವವನ್ನೆಲ್ಲ 1847ರಲ್ಲಿ ಪುಸ್ತಕ ಮಾಡಿದ. ಅದಾದ ಐದು ವರ್ಷಕ್ಕೆ ಆತ ಬರೆದದ್ದು ಒಬ್ಬ ಕಿರಾಣಿ ವ್ಯಾಪಾರಿಯ ಜೀವನಚರಿತ್ರೆ, ‘ದಿ ಸಕ್ಸಸ್‌ಫುಲ್ ಮರ್ಚೆಂಟ್’.

ಹುಣಸೂರಿನಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿರುವ ನನಗೆ ಇದು ಸಣ್ಣ ಸಂಗತಿಯಲ್ಲ. ನಮ್ಮ ಮನೆಯವರು ಸಿ.ಎಸ್.ಐ. ಸಭೆಯವರು. 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ ಸೇರುವ ಮುಂಚೆ ಈ ಕಡೆಯ ವೆಸ್ಲಿಯನ್ನರೆಲ್ಲ ಇದೇ ಮೆಥೊಡಿಸ್ಟ್ ಬಳಗದವರು. ಉಪದೇಶಿಗಳ ಚರಿತ್ರೆ, ಸಾಧುಗಳ ಚರಿತ್ರೆ ಬೇಕಾದಷ್ಟಿದೆ. ತಕ್ಕಡಿ ಹಿಡಿದವನ ಚರಿತ್ರೆ ಬರೆಯಬೇಕೆಂದು ಯಾರಿಗೆ ತೋಚುತ್ತದೆ? ಆರ್ಥರ್‌ಗೆ ತೋಚಿತು. ಹಾಗಾಗಿ ಆ ಅಂಗಡಿಯವನ ಬಾಳು ಇವತ್ತಿಗೂ ನಮಗೆ ಕೈಗೆಟಕುತ್ತದೆ.

ಅವನ ಹೆಸರು ಸ್ಯಾಮ್ಯುಯಲ್ ಬಡ್ಜೆಟ್. 1794ರಲ್ಲಿ ಇಂಗ್ಲೆಂಡಿನ ಸಾಮರ್‌ಸೆಟ್ ಜಿಲ್ಲೆಯ ರಿಂಗ್‌ಟನ್ ಎಂಬ ಹಳ್ಳಿಯಲ್ಲಿ ಹುಟ್ಟಿದ. ಅಪ್ಪ ಅಮ್ಮ ಸಣ್ಣ ಅಂಗಡಿಯವರು. ವ್ಯಾಪಾರ ಸಿಕ್ಕ ಕಡೆ ಊರಿಂದೂರಿಗೆ ಹೋಗಿ ಕಡೆಗೆ ಕೋಲ್‌ಫರ್ಡ್ ಎಂಬಲ್ಲಿ ನಿಂತರು. ಮನೆಯಲ್ಲಿ ಬಡತನವೂ ಇತ್ತು, ಭಕ್ತಿಯೂ ಇತ್ತು. ಒಂದು ದಿನ ಕೋಣೆಯ ಬಾಗಿಲು ದಾಟುವಾಗ ಒಳಗೆ ತಾಯಿ ತನ್ನ ಹೆಸರು ಹಿಡಿದು ದೇವರಲ್ಲಿ ಮೊರೆಯಿಡುತ್ತಿದ್ದುದು ಹುಡುಗನ ಕಿವಿಗೆ ಬಿತ್ತು. ನನ್ನ ಬಗ್ಗೆ ನನಗೇ ಇಲ್ಲದ ಕಳಕಳಿ ಅಮ್ಮನಿಗಿದೆಯಲ್ಲ ಎಂದು ಅವನಿಗೆ ಚುರುಕ್ಕೆಂದಿತು.

ಹತ್ತು ವರ್ಷದವನಿದ್ದಾಗ ದಾರಿಯಲ್ಲೊಂದು ಕುದುರೆ ಲಾಳ ಸಿಕ್ಕಿತು. ಅದನ್ನು ಮೂರು ಮೈಲಿ ಹೊತ್ತು ನಡೆದು ಕಮ್ಮಾರನಿಗೆ ಒಂದು ಪೆನ್ನಿಗೆ ಮಾರಿದ. ಅದು ಅವನ ಮೊದಲ ಗಳಿಕೆ. ಆಮೇಲೆ ಸಿಹಿ ಬಿಲ್ಲೆ ಕೊಂಡು ಜೊತೆಯ ಹುಡುಗರಿಗೆ ಮಾರಿದ, ಎರಡೂವರೆ ಶಿಲಿಂಗಿಗೆ ಕತ್ತೆ ಹಿಡಿದು ಐದಕ್ಕೆ ಕೊಟ್ಟ. ಮೀಸೆ ಮೂಡುವಷ್ಟರಲ್ಲಿ ಹೀಗೆ ಕೂಡಿಸಿದ್ದು ಮೂವತ್ತು ಪೌಂಡು. ಅಪ್ಪ ಅಮ್ಮನಿಗೆ ಕಷ್ಟ ಬಂದಾಗ ಅಷ್ಟನ್ನೂ ಅವರ ಕೈಗಿಟ್ಟ. ವ್ಯಾಪಾರದ ಬುದ್ಧಿ ಚಿಕ್ಕಂದಿನಲ್ಲೇ ಬಂದ ಮಕ್ಕಳನ್ನು ನಾನೂ ಕಂಡಿದ್ದೇನೆ. ಕೂಡಿಟ್ಟದ್ದನ್ನು ಕೊಟ್ಟುಬಿಡುವ ಬುದ್ಧಿ ಅದರ ಜೊತೆಗೇ ಬರುವುದು ಅಪರೂಪ.

ಹದಿನೈದಕ್ಕೆ ಬ್ರಿಸ್ಟಲ್ ಹತ್ತಿರದ ಕಿಂಗ್ಸ್‌ವುಡ್‌ನಲ್ಲಿ ಅಣ್ಣ ಹೆನ್ರಿಯ ಅಂಗಡಿಗೆ ಶಾಗಿರ್ದಿಗೆ ಸೇರಿದ. ಹೆನ್ರಿ ತಂದೆಯ ಮೊದಲ ಹೆಂಡತಿಯ ಮಗ. ಕಿಂಗ್ಸ್‌ವುಡ್ ಎಂದರೆ ಕಲ್ಲಿದ್ದಲು ಗಣಿಗಾರರ ಸೀಮೆ. 1739ರಲ್ಲಿ ಮೊದಲು ವೈಟ್‌ಫೀಲ್ಡ್, ಹಿಂದೆಯೇ ಜಾನ್ ವೆಸ್ಲಿ, ಮಸಿ ಮೆತ್ತಿದ ಆ ಗಣಿಯಾಳುಗಳಿಗೆ ಬಟ್ಟಬಯಲಲ್ಲಿ ನಿಂತು ಬೋಧಿಸಿದ್ದು ಅಲ್ಲೇ. ಮೆಥೊಡಿಸಂ ಬೇರುಬಿಟ್ಟ ನೆಲ ಅದು. ಅಂಥ ಊರಲ್ಲಿ ಸ್ಯಾಮ್ಯುಯಲ್ ಮೂಟೆ ಹೊತ್ತ, ತೂಗಿದ, ಪೊಟ್ಟಣ ಕಟ್ಟಿದ. ನಡುವೆ ಅಣ್ಣನೇ, ನಿನ್ನ ಕೈಲಿ ಈ ಕೆಲಸ ಆಗುವುದಿಲ್ಲ ಎಂದು ಕಳಿಸಿಬಿಟ್ಟ. ಬ್ರಿಸ್ಟಲ್‌ನಲ್ಲಿ ಬೇರೆ ಅಂಗಡಿ ಸೇರಿಕೊಂಡವನು ಅಣ್ಣ ಮತ್ತೆ ಕರೆದಾಗ ವಾಪಸು ಬಂದ. ಮುಂದೆ ಸಂಬಳಕ್ಕೆ ದುಡಿದು ನೂರು ಪೌಂಡು ಉಳಿಸಿದ. ಅಷ್ಟರಲ್ಲಿ ಅಣ್ಣನಿಗೆ ನಷ್ಟ ಬಡಿದಿತ್ತು. ಆ ಗಂಟನ್ನು ಅಣ್ಣನಿಗೇ ಕೊಟ್ಟ. ಪಾಲುದಾರನಾದದ್ದು ಅದರ ನಂತರ.

ಆ ಕಾಲದ ಇಂಗ್ಲೆಂಡಿನಲ್ಲಿ ಕರಿಮೆಣಸಿಗೆ ಸುಂಕ ಜಾಸ್ತಿ, ಬೆಲೆಯೂ ಜಾಸ್ತಿ. ಹಾಗಾಗಿ ಅಂಗಡಿಯವರು ಮೆಣಸಿನ ಪುಡಿಗೆ ಮೆಣಸಿನಂತೆಯೇ ಕಾಣುವ ಒಂದು ಧೂಳನ್ನು ಬೆರೆಸುತ್ತಿದ್ದರು. ಆ ಧೂಳು ಪೀಪಾಯಿಗಳಲ್ಲಿ ಬರುತ್ತಿತ್ತು, ಮೇಲೆ ‘ಪಿ.ಡಿ.’ ಎಂಬ ಗುರುತು. ಎಲ್ಲರೂ ಬೆರೆಸುವುದೇ, ಅಂಗಡಿಯವರಲ್ಲಿ ಯಾರೂ ಅದನ್ನು ಮೋಸ ಎನ್ನುತ್ತಿರಲಿಲ್ಲ. ಬಡ್ಜೆಟ್ ಅಂಗಡಿಯಲ್ಲೂ ಒಂದು ಪೀಪಾಯಿ ಇತ್ತು. ಅದರಿಂದ ಒಂದಿಷ್ಟು ತೆಗೆದು ಬೆರೆಸುವುದು ಮಾಮೂಲಿ ಕೆಲಸವಾಗಿತ್ತು. ಆದರೆ ಅದು ಸ್ಯಾಮ್ಯುಯಲ್‌ನ ಮನಸ್ಸನ್ನು ಕೊರೆಯತೊಡಗಿತು. ಒಂದು ರಾತ್ರಿ ದೀಪ ಹಿಡಿದು ಎದ್ದವನೇ ಪೀಪಾಯಿಯನ್ನು ಹತ್ತಿರದ ಕಲ್ಲುಕ್ವಾರಿಗೆ ಸಾಗಿಸಿ, ಒಡೆದು, ಧೂಳನ್ನೆಲ್ಲ ಕಲ್ಲುಮಣ್ಣಿನ ಮೇಲೆ ಚೆಲ್ಲಿ ಬಂದ. ಬೆಳಗ್ಗೆ ಮತ್ತೆ ಅಲ್ಲಿಗೇ ಹೋದ. ಒಡೆದ ಪೀಪಾಯಿಯ ಹಲಗೆಗಳು ಯಾವುದಕ್ಕಾದರೂ ಬೇಕಾಗುತ್ತವೆ ಎಂದು ಆಯ್ದು ತಂದ.

ಆ ಹಲಗೆ ಆಯ್ದ ಬೆಳಗಿನಿಂದಾಗಿಯೇ ನಾನು ಈ ಕಥೆಯನ್ನು ನಂಬುತ್ತೇನೆ. ಪುರಾಣ ಕಟ್ಟುವವರು ಅದನ್ನು ಬಿಟ್ಟುಬಿಡುತ್ತಿದ್ದರು.

ಪಕ್ಕದ ಕೊಡಗಿನಿಂದ ಪಿರಿಯಾಪಟ್ಟಣದ ದಾರಿಯಲ್ಲಿ ನಮ್ಮೂರಿಗೂ ಕರಿಮೆಣಸು ಬರುತ್ತದೆ. ಮೆಣಸಿನ ಜೊತೆ ಪರಂಗಿ ಬೀಜ ಬೆರೆಸುವುದು ಇಂದಿನ ಪಿ.ಡಿ. ಒಣಗಿದ ಪರಂಗಿ ಬೀಜವೂ ಕಪ್ಪು, ಸುಕ್ಕುಸುಕ್ಕು, ಗಾತ್ರವೂ ಹೆಚ್ಚುಕಮ್ಮಿ ಅಷ್ಟೇ. ಒಂದು ಲೋಟ ನೀರಿಗೆ ಒಂದು ಚಮಚ ಹಾಕಿದರೆ ಸಾಕು: ಬಲಿತ ಮೆಣಸು ತಳಕ್ಕಿಳಿಯುತ್ತದೆ, ಪರಂಗಿ ಬೀಜ ತೇಲುತ್ತದೆ. ಗಿರಾಕಿ ಕೇಳಿದರೆ ನಾನು ಅವರೆದುರಿಗೇ ಹಾಕಿ ತೋರಿಸುತ್ತೇನೆ. ಕಲಬೆರಕೆ ವಿರುದ್ಧ ನಮ್ಮಲ್ಲಿ 1954ರಲ್ಲೇ ಕಾನೂನು ಬಂತು. ಬಡ್ಜೆಟ್ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಎಲ್ಲ ಆಹಾರಕ್ಕೂ ಅನ್ವಯಿಸುವ ಅಂಥದ್ದೊಂದು ಕಾನೂನು ಇರಲಿಲ್ಲ. ಬ್ರಾಡ್‌ಫರ್ಡ್ ಎಂಬ ಊರಿನಲ್ಲಿ 1858ರಲ್ಲಿ ಪೆಪ್ಪರ್‌ಮಿಂಟಿಗೆ ಬೆರೆಸುವ ಅಗ್ಗದ ಪುಡಿಯೆಂದು ತಪ್ಪಿ ಪಾಷಾಣವನ್ನೇ ಹಾಕಿ ಸುಮಾರು ಇಪ್ಪತ್ತು ಜನ ಸತ್ತರು. ಅದಾದ ಮೇಲೆ, 1860ರಲ್ಲಿ, ಅಲ್ಲಿ ಅಂಥ ಮೊದಲ ಸಾಮಾನ್ಯ ಕಾಯಿದೆ ಆಯಿತು. ಸ್ಯಾಮ್ಯುಯಲ್ ಪೀಪಾಯಿ ಒಡೆದಾಗ ಯಾವ ಇನ್ಸ್‌ಪೆಕ್ಟರೂ ಅವನ ಬಾಗಿಲಲ್ಲಿ ನಿಂತಿರಲಿಲ್ಲ.

ಸಣ್ಣ ಅಂಗಡಿ ಸಗಟು ವ್ಯಾಪಾರವಾಗಿ ಬೆಳೆದು ಸುತ್ತಲ ಜಿಲ್ಲೆಗಳಿಗೂ ಹಬ್ಬಿತು. 1842ರಲ್ಲಿ ಕಿಂಗ್ಸ್‌ವುಡ್‌ನ ಕಟ್ಟಡಕ್ಕೆ ಬೆಂಕಿ ಬಿತ್ತು. ಅವನು ತಲೆ ಮೇಲೆ ಕೈ ಹೊತ್ತು ಕೂರಲಿಲ್ಲ; ಗಿರಾಕಿಗಳಿಗೆ ತಕ್ಷಣ ಪತ್ರ ಹೋಯಿತು, ಸರಕು ಬ್ರಿಸ್ಟಲ್‌ನಿಂದ ಹೊರಟಿತು. ಕೆಲಸದಾಳುಗಳನ್ನು ಹೊತ್ತಿಗೆ ಸರಿಯಾಗಿ ಬರಬೇಕೆಂದು ಕಟ್ಟುನಿಟ್ಟಾಗಿ ಹಿಡಿಯುತ್ತಿದ್ದ. ಹಾಗೆಯೇ ರಾತ್ರಿಯವರೆಗೆ ಎಳೆಯುತ್ತಿದ್ದ ಕೆಲಸವನ್ನು ಸಂಜೆಗೇ ಮುಗಿಸುವಂತೆ ವ್ಯವಸ್ಥೆ ಮಾಡಿದ. ದಿನವೂ ಅವರ ಜೊತೆ ನಿಂತು ಪ್ರಾರ್ಥನೆ ಮಾಡುತ್ತಿದ್ದ. ಕೊಳ್ಳುವಾಗ ಮಾತ್ರ ಅವನು ಬಿಗಿಕೈ. ಚೌಕಾಸಿಯಲ್ಲಿ ಎದುರಿನವನನ್ನು ಹಿಂಡುತ್ತಿದ್ದ. ಆರ್ಥರ್ ಇದನ್ನು ಮುಚ್ಚಿಡದೆ, ಮೆಚ್ಚದೆ ಬರೆದಿದ್ದಾನೆ.

ಅವನದೊಂದು ನಿಯಮ ನನಗೆ ಒಪ್ಪಿಗೆಯಿಲ್ಲ. ಹಣ ಹೇಳಿದ ದಿನಕ್ಕೆ ಬರಬೇಕು, ಸಾಲ ಬೆಳೆಯಬಾರದು ಎಂದು ಪಟ್ಟು. ನಮ್ಮಲ್ಲಿ ಅದು ನಡೆಯದು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಹೊಗೆಸೊಪ್ಪಿನ ರೈತನಿಗೆ ದುಡ್ಡು ಸಿಗುವುದು ಸೊಪ್ಪು ಬೇಯಿಸಿ, ಬೇಲು ಕಟ್ಟಿ, ಕಟ್ಟೆಮಳಲವಾಡಿಯಲ್ಲೋ ಕಂಪಲಾಪುರದಲ್ಲೋ ಹರಾಜಾದ ಮೇಲೆ. ಅಲ್ಲಿಯವರೆಗೆ ಅವನ ಮನೆಯ ಎಣ್ಣೆ, ಬೇಳೆ, ಬೆಲ್ಲ ನಮ್ಮ ಸಾಲದ ಪುಸ್ತಕದ ಮೇಲೆಯೇ ನಡೆಯಬೇಕು. ಕೆ.ಆರ್. ನಗರದ ಭತ್ತದ ಸೀಮೆಯಲ್ಲೂ ಸುಗ್ಗಿಯ ತನಕ ಇದೇ ಲೆಕ್ಕ.

1851ರ ಏಪ್ರಿಲ್‌ನಲ್ಲಿ ಬಡ್ಜೆಟ್ ತೀರಿಕೊಂಡ. ಮರುವರ್ಷವೇ ಆರ್ಥರ್‌ನ ಪುಸ್ತಕ ಬಂತು.

ಅದೇ ಹೊತ್ತಿನಲ್ಲಿ ನಮ್ಮ ಹುಣಸೂರು ಏನೂ ಸಾಧಾರಣ ಪೇಟೆಯಾಗಿರಲಿಲ್ಲ. ಅಮೃತಮಹಲ್ ದನಗಳ ಇಲಾಖೆ ಇಲ್ಲೇ ಇತ್ತು. ಮದರಾಸು ಸೈನ್ಯಕ್ಕೆ ಚರ್ಮ ಹದಮಾಡುವ, ಕಂಬಳಿ ನೇಯುವ ಕಾರ್ಖಾನೆಗಳಿದ್ದವು. ಅಲ್ಲಿನ ಕೂಲಿಯವರಿಗೆ, ಗಾಡಿಯವರಿಗೆ ರಾಗಿ, ಉಪ್ಪು, ಮೆಣಸಿನಕಾಯಿ ಅಳೆದುಕೊಟ್ಟ ಅಂಗಡಿಯವರು ಇದ್ದೇ ಇದ್ದರು. ಎಡತೊರೆಯಲ್ಲಿ, ಅಂದರೆ ಈಗಿನ ಕೆ.ಆರ್. ನಗರದ ಹಳೆಯ ಊರಿನಲ್ಲಿ, ಹೊಳೆದಂಡೆಯ ಪೇಟೆಯಲ್ಲೂ ಇದ್ದರು. ಅವರಲ್ಲೂ ರಾತ್ರಿಯೆದ್ದು ಪೀಪಾಯಿ ಒಡೆದವರು ಇದ್ದಿರಲೇಬೇಕು. ಅವರಿಗೊಬ್ಬ ಆರ್ಥರ್ ಸಿಗಲಿಲ್ಲ.

ಲೆಕ್ಕ ಮಾತ್ರ ಅವರು ಬರೆದಿಟ್ಟಿದ್ದರು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಗಟ್ಟಿ ಮಾಡಿ, ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಲ್ಲಿ ಬರೆಯುತ್ತಿದ್ದ ಕಡತಗಳವು. ಯಾರಿಗೆ ಎಷ್ಟು ಅಳೆದರು, ಯಾರ ಸಾಲ ಬಿಟ್ಟರು, ಯಾರ ಮದುವೆಗೆ ಎಷ್ಟು ಬೆಲ್ಲ ಹೋಯಿತು, ಒಂದು ಮನೆತನದ ಬಾಳೇ ಅದರಲ್ಲಿರುತ್ತದೆ. ಈ ನಾಲ್ಕು ತಾಲ್ಲೂಕಿನ ಹಳೆಯ ಅಂಗಡಿ ಮನೆಗಳ ಅಟ್ಟದಲ್ಲಿ ಅಂಥ ಕಡತವೋ ಅಜ್ಜನ ರೋಕಡ ಪುಸ್ತಕವೋ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದರಲ್ಲಿರುವ ಹೆಸರುಗಳನ್ನು ಓದಿಸಿ ಬರೆದುಕೊಳ್ಳಿ. ಬಳಪದ ಬರಹ ಒರೆಸಿದರೆ ಹೋಗುತ್ತದೆ. ಧೂಳು ಕೊಡವಲೆಂದು ಒದ್ದೆ ಬಟ್ಟೆ ಮುಟ್ಟಿಸಬೇಡಿ.