ತೊಳೆದರೂ ಹೋಗದ ಧೂಳು, ಸೋಲೊಪ್ಪದ ಸೂಪರ್‌ವೈಸರ್!

ಚೊಳಚಗುಡ್ಡದ ಬನಶಂಕರಿ ಜಾತ್ರೆಗೆ ಹೋಗಿದ್ದೀರಾ? ಬನದ ಹುಣ್ಣಿಮೆಯ ತೇರಿನ ಹೊತ್ತಿಗೆ ಏಳುವ ಧೂಳು ನೋಡಬೇಕು! ತಲೆ, ಮೀಸೆ, ಸೆರಗು, ಯಾವುದನ್ನೂ ಬಿಡದು. ಮುಖ ತೊಳೆದರೆ ಮುಗಿಯಿತು.

ತೊಳೆದರೂ ಹೋಗದ ಧೂಳೊಂದಿದೆ! ಹೆಸರು ಪಿಎಂ 2.5. ನಿಮ್ಮ ಒಂದೇ ಕೂದಲಿನ ಅಡ್ಡಗಲದಲ್ಲಿ ಇದರ ಸುಮಾರು 30 ಕಣ ಸಾಲಾಗಿ ಕೂರುತ್ತವೆ. ಕಣ್ಣಿಗೆ ಕಾಣದು. ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ. ಶ್ವಾಸಕೋಶದ ತಳಕ್ಕೇ ಇಳಿಯುತ್ತದೆ!

ಎದೆಯನ್ನು ಕೆಡಿಸುತ್ತದೆ, ಗೊತ್ತು. ಕಸುಬನ್ನೂ ಕೆಡಿಸುತ್ತದೆಯೇ?

ಜರ್ಮನಿಗೆ ಬನ್ನಿ. 2017ರಿಂದ 2019ರವರೆಗಿನ ಚದುರಂಗ ಪಂದ್ಯಗಳು. ಓಟವಿಲ್ಲ, ಬೆವರಿಲ್ಲ, ಬರೀ ಬುದ್ಧಿಯ ಕೆಲಸ. ಸಂಶೋಧಕರು ಆಟದ ಕೋಣೆಯ ಗಾಳಿ ಅಳೆದರು. ಸುಮಾರು 30,000 ನಡೆಗಳನ್ನು ಕಂಪ್ಯೂಟರಿನಿಂದ ಒರೆಗೆ ಹಚ್ಚಿದರು. ಘನ ಮೀಟರ್ ಗಾಳಿಯಲ್ಲಿ ಈ ಧೂಳು ಬರೀ 10 ಮೈಕ್ರೋಗ್ರಾಂ ಏರಿದರೆ, ತಪ್ಪು ನಡೆಯಿಡುವ ಸಂಭವ ಎಷ್ಟು ಏರೀತು? ಶೇ 2? ಶೇ 5?

ಶೇ 26!

ಚೀನಾದ ಕಾಲ್ ಸೆಂಟರುಗಳಲ್ಲೂ ಇದೇ ಕಥೆ. ಹೊರಗಿನ ಗಾಳಿ ಕೆಟ್ಟ ದಿನ, ಒಳಗೆ ಕುಳಿತವರು ಮುಗಿಸುವ ಕರೆಗಳು ಕಡಿಮೆ!

ನನ್ನನ್ನು ಕುಣಿಸಿದ ಸುದ್ದಿ ಮಾತ್ರ ನಮ್ಮ ರಾಜ್ಯದ್ದೇ. ಬೆಂಗಳೂರಿನ ಗಾರ್ಮೆಂಟ್ಸ್! ಅಧ್ವರ್ಯು, ಕಲಾ, ನೈಷಧಂ ಎಂಬ ಮೂವರು ಅರ್ಥಶಾಸ್ತ್ರಜ್ಞರು ಹೊಲಿಗೆ ಸಾಲುಗಳ ಧೂಳನ್ನೂ ದುಡಿಮೆಯನ್ನೂ ಜೋಡಿಸಿ ನೋಡಿದರು. 2022ರಲ್ಲಿ ಪ್ರಕಟಿಸಿದರು. ಧೂಳು ಏರಿದರೆ ಹೊಲಿಗೆ ಇಳಿಯುತ್ತದೆ. ಪಳಗಿದ ಕೈಗಳೂ ನಿಧಾನವಾಗುತ್ತವೆ!

ಆದರೆ ಎಲ್ಲರಿಗೂ ಒಂದೇ ಪೆಟ್ಟಲ್ಲ. ಒಬ್ಬರು ಹೆಚ್ಚು ಸೊರಗುತ್ತಾರೆ, ಇನ್ನೊಬ್ಬರು ತಡೆದುಕೊಳ್ಳುತ್ತಾರೆ. ಒಂದು ಕೆಲಸ ಹೆಚ್ಚು ಕೆಡುತ್ತದೆ, ಇನ್ನೊಂದು ಕಡಿಮೆ. ಈಗ ಊಹಿಸಿ: ಕೆಲವು ಸಾಲುಗಳಿಗೆ ನಷ್ಟ ಕಡಿಮೆ. ಯಾಕೆ? ಹೊಸ ಯಂತ್ರವೇ? ಏಸಿಯೇ?

ಅಲ್ಲ, ಸೂಪರ್‌ವೈಸರ್! ಯಾರ ಕೈ ಸೋಲುತ್ತಿದೆ ಎಂದು ಗಮನಿಸಿ, ಅವರನ್ನು ಬೇರೆ ಕೆಲಸಕ್ಕೆ ಕೂರಿಸುವವರು. ಅಷ್ಟೇ! ಬೈದು ಓಡಿಸಿದರೆ ಉತ್ಪಾದನೆ ಹೆಚ್ಚುತ್ತದೆ ಎನ್ನುವವರು ಇದನ್ನೊಮ್ಮೆ ಓದಬೇಕು.

ಹಾಗೆಂದು ಗಾಳಿ ಕೆಟ್ಟೇ ಇರಲಿ ಎಂದಲ್ಲ. ಈ ಧೂಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರ್ಷಿಕ ಮಿತಿ 5 ಮೈಕ್ರೋಗ್ರಾಂ. ನಮ್ಮ ದೇಶದ ಮಿತಿ? 40!

ಇಳಕಲ್ಲಿನ ಗ್ರಾನೈಟ್ ಮಾಲೀಕರೇ, ಮಗ್ಗದ ಯಜಮಾನರೇ, ನಿಮ್ಮ ಶೆಡ್ಡಿನ ಗಾಳಿಯನ್ನು ಎಂದಾದರೂ ಅಳೆಸಿದ್ದೀರಾ? ಕಲ್ಲು ಕೊಯ್ಯುವಾಗ ನೀರು ಬಿಡಿ. ಧೂಳು ಹೀರುವ ಫ್ಯಾನು ಹಾಕಿಸಿ. ಈ ತಿಂಗಳೇ ಅಳೆಸಿ!